ಜೆಫ್ ಬಕ್ಲಿ ಎಂಬ ಕೇಳುಗ

ಅಮೆರಿಕದ ರಾಕ್ ಗಾಯಕ ಜೆಫ್ ಬಕ್ಲಿಯ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಅವನ ಸಾವಿನ ಕಥೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಸಭೆ ಕಾದಿರುವುದು ಅದಕ್ಕೇ ಎಂಬುದು ಅವರಿಗೂ ಗೊತ್ತಿರುತ್ತದೆ. ನಾನು ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಈ ಸಂಜೆ ನನಗೆ ಹೇಳಬೇಕಾಗಿರುವುದು ಬೇರೆ. ಸಾವಿನ ಕಥೆಯನ್ನು ಕಾಯಿಸುತ್ತ ಕುಳಿತರೆ ಅದು ಉಳಿದ ಮಾತನ್ನೆಲ್ಲ ನುಂಗಿಬಿಡುತ್ತದೆ.

1997ರ ಮೇ 29ರ ಸಂಜೆ, ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ, ಜೆಫ್ ಮತ್ತು ಅವನ ಗೆಳೆಯನೊಬ್ಬ ಮಿಸಿಸಿಪ್ಪಿಗೆ ಸೇರುವ ವುಲ್ಫ್ ರಿವರ್ ಕಾಲುವೆಯ ದಂಡೆಯಲ್ಲಿ ಕುಳಿತಿದ್ದರು. ಎರಡನೆಯ ಆಲ್ಬಂನ ಕೆಲಸ ಮತ್ತೆ ಶುರುವಾಗುವುದಿತ್ತು. ಅವನ ಬ್ಯಾಂಡಿನವರು ಅದೇ ದಿನ ನ್ಯೂಯಾರ್ಕಿನಿಂದ ವಿಮಾನದಲ್ಲಿ ಬರುತ್ತಿದ್ದರು. ಅವನು ಬೂಟನ್ನೂ ಬಿಚ್ಚದೆ, ತೊಟ್ಟ ಬಟ್ಟೆಯಲ್ಲೇ ನೀರಿಗಿಳಿದ. ಲೆಡ್ ಝೆಪ್ಪೆಲಿನ್ ತಂಡದ ಒಂದು ಹಾಡನ್ನು ಹಾಡುತ್ತ ಅಂಗಾತ ಈಜಿದ. ಟಗ್ ದೋಣಿಯೊಂದು ಹಾದುಹೋಯಿತು, ಅಲೆ ಎದ್ದಿತು. ದಡದಲ್ಲಿದ್ದ ಗೆಳೆಯ ನೀರು ತಾಗದಂತೆ ಟೇಪ್ ರೆಕಾರ್ಡರನ್ನು ಎತ್ತಿಟ್ಟು ತಿರುಗಿ ನೋಡುವಷ್ಟರಲ್ಲಿ ಜೆಫ್ ಇರಲಿಲ್ಲ. ಜೂನ್ 4ರಂದು ದೇಹ ಸಿಕ್ಕಿತು. ಮರಣೋತ್ತರ ಪರೀಕ್ಷೆಯಲ್ಲಿ ಮಾದಕ ವಸ್ತುವಿನ ಸುಳಿವಿರಲಿಲ್ಲ. ಅದು ಆಕಸ್ಮಿಕವಾಗಿ ಮುಳುಗಿ ಆದ ಸಾವು. ಅವನಿಗೆ 30 ವರ್ಷ. ಬದುಕಿದ್ದಾಗ ಹೊರಬಂದ ಪೂರ್ಣ ಆಲ್ಬಂ ಒಂದೇ ಒಂದು, 1994ರ 'ಗ್ರೇಸ್'.

ಇಷ್ಟೇ ಕಥೆ. ಈ ಸಾವಿನ ಹಿಂದೆ ಸಂದೇಶವಿಲ್ಲ, ಸಂಕೇತವಿಲ್ಲ, ಸಂಚಿಲ್ಲ. ಆದರೆ ರಾಕ್ ಸಂಗೀತದ ಲೋಕ ಸಾವನ್ನು ಹಾಗೆ ಸುಮ್ಮನೆ ಬಿಡುವ ಜಾಯಮಾನದ್ದಲ್ಲ. ಸತ್ತ ಗಾಯಕನ ಹಾಡುಗಳಲ್ಲಿ ಎಲ್ಲೆಲ್ಲಿ ನೀರು, ಮಳೆ, ನಿದ್ದೆ, ಮರಣ ಎಂಬ ಪದಗಳಿವೆಯೋ ಅವನ್ನೆಲ್ಲ ಹೆಕ್ಕಿ ತೆಗೆದು, 'ನೋಡಿ, ಇವನಿಗೆ ಮೊದಲೇ ಗೊತ್ತಿತ್ತು' ಎಂದು ಹೇಳುವುದು ಅಲ್ಲಿನ ಹಳೆಯ ಚಾಳಿ. ಸಾವಿನ ಕುರಿತು ಬರೆಯದ ಹಾಡುಗಾರ ಯಾವ ದೇಶದಲ್ಲಿದ್ದಾನೆ? ನೂರು ವರ್ಷ ಬಾಳಿದ ದಾಸರೊಬ್ಬರ ಪದಗಳನ್ನು ಹುಡುಕಿದರೂ ಸಾವಿನ ಮಾತು ಅದಕ್ಕಿಂತ ಹೆಚ್ಚಾಗಿಯೇ ಸಿಕ್ಕೀತು.

ಈ ವಿಧಿಯ ಕಥೆಗೆ ಇನ್ನೊಂದು ಆಸರೆಯೂ ಇದೆ. ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಜೆಫ್‌ನ ತಂದೆ ಟಿಮ್ ಬಕ್ಲಿ ತಾನೂ ಹೆಸರಾಂತ ಗಾಯಕ. ಅರವತ್ತರ ದಶಕದ ಕೊನೆಯಲ್ಲಿ ಜಾನಪದ ಧಾಟಿಯ ಹಾಡುಗಳಿಂದ ಆರಂಭಿಸಿ, ಜಾಝ್‌ನತ್ತ ಹೊರಳಿ, ಕೇಳುಗರು ಹಿಂಬಾಲಿಸಲಾಗದಷ್ಟು ದೂರ ಹೋದವನು. 1975ರ ಜೂನ್ 29ರಂದು ಹೆರಾಯಿನ್ ಸೇವನೆಯಿಂದ ಸತ್ತಾಗ ಅವನಿಗೆ 28 ವರ್ಷ. ತಂದೆ 28ಕ್ಕೆ, ಮಗ 30ಕ್ಕೆ. ಪತ್ರಿಕೆಗಳಿಗೆ ಇದಕ್ಕಿಂತ ಸಿದ್ಧವಾದ ತಲೆಬರಹ ಬೇಕೆ?

ಆದರೆ ನಡೆದದ್ದನ್ನು ನೋಡಿ. ಜೆಫ್ ಹುಟ್ಟಿದ್ದು 1966ರ ನವೆಂಬರ್ 17ರಂದು, ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ. ಅವನು ಹುಟ್ಟುವ ಮೊದಲೇ ಟಿಮ್ ತನ್ನ ಹೆಂಡತಿ ಮೇರಿ ಗೀಬರ್ಟ್‌ಳನ್ನು ಬಿಟ್ಟು ಹೋಗಿದ್ದ. ಹುಡುಗ ಬೆಳೆದದ್ದು ತಾಯಿಯ ಜೊತೆ, ಕೆಲ ವರ್ಷ ಮಲತಂದೆಯ ಜೊತೆ, ಊರಿಂದೂರಿಗೆ ಅಲೆಯುತ್ತ. ಮನೆಯಲ್ಲೂ ಶಾಲೆಯಲ್ಲೂ ಅವನಿಗಿದ್ದ ಹೆಸರು ಸ್ಕಾಟಿ ಮೂರ್‌ಹೆಡ್. ಆ ಅಡ್ಡಹೆಸರು ಮಲತಂದೆಯದು. ಮೊದಲ ಗಿಟಾರ್ ಸಿಕ್ಕಿದ್ದು ಅಜ್ಜಿಯ ಮನೆಯ ಕಪಾಟಿನಲ್ಲಿ. ಲೆಡ್ ಝೆಪ್ಪೆಲಿನ್ ತಂಡದ ಆಲ್ಬಂ ಒಂದನ್ನು ಕೈಗಿತ್ತು ರಾಕ್ ಸಂಗೀತದ ರುಚಿ ಹತ್ತಿಸಿದ್ದು ಆ ಮಲತಂದೆ. ಹೆತ್ತ ತಂದೆಯ ಜೊತೆ ಅವನು ಕಳೆದದ್ದೆಂದರೆ ಎಂಟು ವರ್ಷದವನಿದ್ದಾಗ, 1975ರ ಈಸ್ಟರ್ ಹಬ್ಬದ ಸುಮಾರಿಗೆ, ಕೆಲವೇ ದಿನ. ಎರಡು ತಿಂಗಳಲ್ಲಿ ತಂದೆ ಸತ್ತ. ಅಂತ್ಯಕ್ರಿಯೆಗೆ ಮಗನನ್ನು ಕರೆಯಲಿಲ್ಲ. ಇಂಥ ಮಗನಿಗೆ ತಂದೆಯಿಂದ ಬಂದದ್ದು ಎಷ್ಟು, ಮನೆಯ ಉಳಿದವರಿಂದ ಬಂದದ್ದು ಎಷ್ಟು ಎಂದು ಲೆಕ್ಕ ಹಾಕುವವರು ತಾಯಿಯನ್ನೂ ಅಜ್ಜಿಯನ್ನೂ ಮಲತಂದೆಯನ್ನೂ ಯಾಕೆ ಮರೆಯುತ್ತಾರೋ ನನಗೆ ಅರ್ಥವಾಗಿಲ್ಲ.

ತಂದೆಯ ಸಾವಿನ ಬಳಿಕ ಅವನು ತನ್ನ ಹುಟ್ಟುಹೆಸರಿಗೆ ಮರಳಿ ಜೆಫ್ ಬಕ್ಲಿ ಎಂದು ಕರೆಸಿಕೊಳ್ಳತೊಡಗಿದ. 1991ರ ಏಪ್ರಿಲ್ 26ರಂದು ಬ್ರೂಕ್ಲಿನ್‌ನ ಸೇಂಟ್ ಆ್ಯನ್ಸ್ ಚರ್ಚಿನಲ್ಲಿ ಟಿಮ್ ಬಕ್ಲಿಯ ನೆನಪಿಗಾಗಿ ಒಂದು ಕಾರ್ಯಕ್ರಮ ನಡೆಯಿತು. ಏರ್ಪಡಿಸಿದವರು ಹ್ಯಾಲ್ ವಿಲ್ನರ್. ಜೆಫ್‌ಗೆ ಆಗ 24 ವರ್ಷ. ಸಭೆಯಲ್ಲಿ ಅವನನ್ನು ಗುರುತಿಸುವವರು ವಿರಳ. ಅವನು ಮೊದಲು ಹಾಡಿದ್ದು, ತಂದೆ 1967ರಲ್ಲಿ ಮಗನನ್ನೂ ಮಗನ ತಾಯಿಯನ್ನೂ ಕುರಿತು, ಬಿಟ್ಟುಹೋದವನ ಸಮರ್ಥನೆಯಂತೆ ಬರೆದ ಹಾಡನ್ನು. ಇದರ ಕಠೋರತೆಯನ್ನು ಸ್ವಲ್ಪ ಯೋಚಿಸಿ: ತನ್ನನ್ನು ತೊರೆದದ್ದಕ್ಕೆ ತಂದೆ ಕೊಟ್ಟ ಕಾರಣವನ್ನು ಮಗ ತಾನೇ ಎತ್ತಿ, ತಂದೆಯ ಅಭಿಮಾನಿಗಳ ಎದುರು ಹಾಡುತ್ತಿದ್ದಾನೆ. ಕೊನೆಯ ಹಾಡಿನ ನಡುವೆ ಗಿಟಾರಿನ ತಂತಿ ಕಡಿಯಿತು. ಉಳಿದದ್ದನ್ನು ವಾದ್ಯವಿಲ್ಲದೆ ಬರಿಯ ಕಂಠದಲ್ಲೇ ಮುಗಿಸಿದ. ಅಂತ್ಯಕ್ರಿಯೆಗೆ ಹೋಗಲಾಗದ್ದಕ್ಕೆ ತನ್ನ ಪಾಲಿನ ಗೌರವ ಸಲ್ಲಿಸಲು ಬಂದೆ ಎಂಬರ್ಥದಲ್ಲಿ ಆಮೇಲೆ ಅವನು ಮಾತನಾಡಿದ್ದುಂಟು. ಜನರೋ 'ಥೇಟ್ ತಂದೆಯ ದನಿ' ಎಂದರು. ಮುಂದೆ ಸಂದರ್ಶನಗಳಲ್ಲಿ ಈ ಮಾತು ಬಂದಾಗಲೆಲ್ಲ ಅವನಿಗೆ ಕಿರಿಕಿರಿಯಾಗುತ್ತಿತ್ತು.

ಇಲ್ಲಿಂದ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಜೆಫ್ ಬಕ್ಲಿ ಹುಟ್ಟುಪ್ರತಿಭೆ, ದೇವದತ್ತ ಕಂಠ ಎಂಬ ಮಾತನ್ನು ತಾವು ಕೇಳಿರುತ್ತೀರಿ. ಕಂಠ ದೇವದತ್ತವೇ ಇರಬಹುದು. ಆದರೆ ಆ ಕಂಠವನ್ನು ಇಟ್ಟುಕೊಂಡು ಅವನು ಇಪ್ಪತ್ತರ ಹರೆಯದ ಮೊದಲರ್ಧವನ್ನೆಲ್ಲ ಬಹುಮಟ್ಟಿಗೆ ಹಾಡದೆಯೇ ಕಳೆದ ಎಂಬುದನ್ನು ಯಾರೂ ಹೇಳುವುದಿಲ್ಲ. ಪ್ರೌಢಶಾಲೆ ಮುಗಿಸಿ ಹಾಲಿವುಡ್‌ನ ಮ್ಯುಸಿಷಿಯನ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವರ್ಷ ಗಿಟಾರ್ ಮತ್ತು ಸಂಗೀತಶಾಸ್ತ್ರ ಕಲಿತ. ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ಕೆಲಸ ಮಾಡಿದ. ರೆಗೆ, ಹೆವಿ ಮೆಟಲ್, ಜಾಝ್ ಎಂದು ಭೇದವೆಣಿಸದೆ ಸಿಕ್ಕಸಿಕ್ಕ ತಂಡಗಳಿಗೆ ಗಿಟಾರ್ ನುಡಿಸಿದ. ಹಾಡಿದರೆ ಹಿಂದೆ ನಿಂತು ದನಿಗೂಡಿಸುವುದಷ್ಟೇ. ಅಂದರೆ ಇವನು ಮೊದಲು ಪಕ್ಕವಾದ್ಯದವನು. ಪಕ್ಕವಾದ್ಯದವನ ಬಂಡವಾಳವೇ ಕಿವಿ ಎಂಬುದನ್ನು ಕಚೇರಿಗಳನ್ನು ಕೇಳಿ ಬೆಳೆದ ತಮಗೆ ನಾನು ವಿವರಿಸಬೇಕಾಗಿಲ್ಲ.

ಸೇಂಟ್ ಆ್ಯನ್ಸ್ ಕಾರ್ಯಕ್ರಮದಲ್ಲಿ ಅವನ ಜೊತೆ ಗಿಟಾರ್ ನುಡಿಸಿದ ಗ್ಯಾರಿ ಲ್ಯೂಕಸ್ ಎಂಬ ವಾದಕನ ತಂಡದಲ್ಲಿ ಕೆಲಕಾಲ ಹಾಡಿದ. ಮುಂದೆ ಆಲ್ಬಂನ ಮೊದಲ ಎರಡು ಹಾಡುಗಳಾದ 'ಮೋಜೊ ಪಿನ್' ಮತ್ತು 'ಗ್ರೇಸ್' ಹುಟ್ಟಿದ್ದು ಈ ಇಬ್ಬರ ಜೊತೆಗೆಲಸದಲ್ಲಿ. 1992ರ ವಸಂತದಲ್ಲಿ ಅವನು ಆ ತಂಡವನ್ನು ಬಿಟ್ಟು, ಒಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಒಬ್ಬನೇ ಹೊರಟ. ಹೋದದ್ದು ದೊಡ್ಡ ಸಭಾಂಗಣಕ್ಕಲ್ಲ. ಮ್ಯಾನ್‌ಹಟನ್‌ನ ಈಸ್ಟ್ ವಿಲೇಜ್‌ನಲ್ಲಿ, ಸೇಂಟ್ ಮಾರ್ಕ್ಸ್ ಪ್ಲೇಸ್ ಬೀದಿಯಲ್ಲಿ, ಐರ್ಲೆಂಡಿನವನೊಬ್ಬ ನಡೆಸುತ್ತಿದ್ದ 'ಶಿನೇ' ಎಂಬ ಪುಟ್ಟ ಕಾಫಿ ಅಂಗಡಿಗೆ. ಅಲ್ಲಿ ವೇದಿಕೆಯೆಂಬುದಿಲ್ಲ. ಗೋಡೆಗೆ ಹತ್ತಿಕೊಂಡು ನಿಂತು ಹಾಡಬೇಕು. ಎದುರಿಗೆ ಕಾಫಿ ಕುಡಿಯುವವರು, ಹರಟೆ ಹೊಡೆಯುವವರು, ಬಾಗಿಲು ತೆರೆದು ಇಣುಕಿ ಹೋಗುವವರು. ಸೋಮವಾರದ ರಾತ್ರಿ ಅವನ ಪಾಳಿ.

ಅಲ್ಲಿ ಅವನು ಏನು ಹಾಡಿದ ಎಂಬುದು ಮುಖ್ಯ. ಸ್ವಂತ ಹಾಡು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಬೇರೆಯವರದು: ಬಾಬ್ ಡಿಲನ್, ವ್ಯಾನ್ ಮಾರಿಸನ್, ಲೆಡ್ ಝೆಪ್ಪೆಲಿನ್; ನೀನಾ ಸಿಮೋನ್ ಮತ್ತು ಬಿಲ್ಲಿ ಹಾಲಿಡೇ ಹಾಡಿದವು; ಫ್ರೆಂಚ್ ಗಾಯಕಿ ಎಡಿತ್ ಪಿಯಾಫ್‌ಳ ಹಾಡು. ಈ ಪಟ್ಟಿಯಲ್ಲಿ ಹೆಂಗಸರ ಹಾಡುಗಳು ಎಷ್ಟಿವೆ ಗಮನಿಸಿ. ರಾಕ್ ಗಾಯಕರು ಮಾದರಿಗಾಗಿ ತಮ್ಮ ಹಿಂದಿನ ಗಂಡಸರತ್ತ ನೋಡುವುದು ವಾಡಿಕೆ. ಇವನು ಪಿಯಾಫ್‌ಳಿಂದ ಪದವನ್ನು ಅಲುಗಿಸುವುದನ್ನು ಕಲಿತ, ನೀನಾ ಸಿಮೋನ್‌ಳಿಂದ ಪದ ಪದಗಳ ನಡುವೆ ತಡೆದು ನಿಲ್ಲುವುದನ್ನು ಕಲಿತ. ಹಾಡಿನ ಸಾಲಿನಲ್ಲಿ ಹೆಣ್ಣು ಹೇಳುವ ಮಾತಿದ್ದರೆ ಅದನ್ನು ಗಂಡಿನ ಮಾತಾಗಿ ತಿದ್ದಬೇಕೆಂದೂ ಅವನಿಗೆ ಅನ್ನಿಸಲಿಲ್ಲ. ಒಂದೊಂದು ಹಾಡೂ ಅವನಿಗೆ ಒಂದೊಂದು ಪಾಠವಾಗಿತ್ತು, ಕಾಫಿ ಅಂಗಡಿ ಪಾಠಶಾಲೆಯಾಗಿತ್ತು. ಗದ್ದಲ ಮಾಡುವವರನ್ನು ಗದ್ದಲದಿಂದಲೇ ಸುಮ್ಮನಾಗಿಸಲು ಆಗುವುದಿಲ್ಲ, ದನಿ ತಗ್ಗಿಸಬೇಕು. ಅವನ ಹಾಡುಗಾರಿಕೆಯಲ್ಲಿ ಪಿಸುಮಾತಿನಿಂದ ಕೂಗಿನವರೆಗಿನ ಆ ಏರಿಳಿತ ಕೂಡಿಬಂದದ್ದು ಅಲ್ಲಿ ಎಂದು ನನ್ನ ಎಣಿಕೆ.

ಮತ್ತು ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅಮೆರಿಕನ್ ವಿಮರ್ಶಕರು ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ನಮಗೆ ಹಾಗೆ ಹೋಗಬೇಕಾದ ಅಗತ್ಯವಿಲ್ಲ. 1990ರಲ್ಲಿ, ಹಾರ್ಲೆಮ್‌ನ ಕೋಣೆಯೊಂದರಲ್ಲಿ, ಜೊತೆಗಿದ್ದ ಗೆಳೆಯನ ಮೂಲಕ ಜೆಫ್ ಮೊದಲ ಬಾರಿ ನುಸ್ರತ್ ಅವರ ಕವ್ವಾಲಿಯನ್ನು ಕೇಳಿದ. ಉರ್ದು ಬಾರದು, ಪಂಜಾಬಿ ಬಾರದು, ಸೂಫಿ ಪಂಥದ ಪರಿಚಯವಿಲ್ಲ. ಆದರೂ ಅವರೇ ತನ್ನ ಎಲ್ವಿಸ್ ಎಂದು ಹೇಳಿಕೊಂಡು ತಿರುಗಿದ. ಅಮೆರಿಕದ ರಾಕ್ ಗಾಯಕನ ಬಾಯಲ್ಲಿ ಎಲ್ವಿಸ್ ಪ್ರೆಸ್ಲಿಯ ಹೆಸರೆಂದರೆ ಮೂಲಪುರುಷನ ಹೆಸರು. ಆ ಪೀಠದಲ್ಲಿ ಅವನು ಫೈಸಲಾಬಾದಿನ ಕವ್ವಾಲರನ್ನು ಕೂರಿಸಿದ.

'ಯೇ ಜೋ ಹಲ್ಕಾ ಹಲ್ಕಾ ಸುರೂರ್ ಹೈ' ಎಂಬ ನುಸ್ರತ್ ಅವರ ಪ್ರಸಿದ್ಧ ಕವ್ವಾಲಿಯನ್ನು ಅವನು ಶಿನೇಯಲ್ಲಿ ಒಂದೇ ಗಿಟಾರ್ ಹಿಡಿದು ಹಾಡಿದ ಧ್ವನಿಮುದ್ರಣ 2003ರಲ್ಲಿ ಹೊರಬಂತು. ತಾವು ಅದನ್ನು ಕೇಳಬೇಕು. ಆರಂಭದಲ್ಲಿ ಕೆಲವರ ನಗೆ ಕೇಳಿಸುತ್ತದೆ. ಬಿಳಿಯ ಹುಡುಗ ತಮಾಷೆಗೆ ಅಣಕ ಮಾಡುತ್ತಿದ್ದಾನೆ ಎಂದೇ ಅವರು ಎಣಿಸಿರಬೇಕು. ಸ್ವಲ್ಪ ಹೊತ್ತಿನಲ್ಲಿ ಆ ನಗೆ ಅಡಗುತ್ತದೆ. ಉಚ್ಚಾರಣೆ ಕೆಟ್ಟಿದೆಯೇ? ಅಲ್ಲಲ್ಲಿ ಕೆಟ್ಟಿದೆ, ಉರ್ದು ಬಲ್ಲವರು ಹುಬ್ಬು ಗಂಟಿಕ್ಕಿಯಾರು. ತಾಳವಾದ್ಯವಿಲ್ಲ, ಚಪ್ಪಾಳೆಯ ಮೇಳವಿಲ್ಲ, ಹಾರ್ಮೋನಿಯಂ ಇಲ್ಲ. ಆದರೆ ಒಂದು ಸಾಲನ್ನು ಹಿಡಿದುಕೊಂಡು, ಅದನ್ನು ಬಿಡದೆ, ಪ್ರತಿ ಸಲವೂ ಬೇರೊಂದು ಸ್ವರದಿಂದ ಎತ್ತಿ, ಭಾವವನ್ನು ಒಂದೊಂದೇ ಮೆಟ್ಟಿಲು ಏರಿಸುವ ಕವ್ವಾಲಿಯ ಒಳಗುಟ್ಟು ಅವನಿಗೆ ದಕ್ಕಿತ್ತು. ಇದು ಪದಗಳನ್ನು ಉರುಹೊಡೆದವನಿಗೆ ಸಿಗುವ ವಿದ್ಯೆಯಲ್ಲ. ಒಂದೇ ಧ್ವನಿಸುರುಳಿಯನ್ನು ಹಗಲೂ ಇರುಳೂ ಕೇಳಿದವನಿಗೆ ಸಿಗುವಂಥದ್ದು.

ಅವನ ಸ್ವಂತ ಹಾಡುಗಳಿಗೆ ಈ ಬೆಳಕಿನಲ್ಲಿ ಮರಳಿದರೆ ಬೇರೆ ಏನೋ ಕೇಳಿಸುತ್ತದೆ. 'ಮೋಜೊ ಪಿನ್' ಆರಂಭವಾಗುವುದು ಪದಗಳಿಂದಲ್ಲ, ಮೆಲುದನಿಯ ಅಕ್ಷರವಿಲ್ಲದ ಗುನುಗಿನಿಂದ. ಹಿಂದುಸ್ತಾನಿ ಸಂಗೀತ ಕೇಳುವ ಕಿವಿ ಅದನ್ನು ತಕ್ಷಣ ಆಲಾಪವೆಂದು ಗುರುತಿಸುತ್ತದೆ. 'ಗ್ರೇಸ್' ಹಾಡಿನ ಕೊನೆಯಲ್ಲಿ ದನಿ ತಾರಸ್ಥಾಯಿಗೆ ಹತ್ತಿ, ಪದಗಳನ್ನು ಕಳಚಿಹಾಕಿ, ಬರಿಯ ಸ್ವರವಾಗಿ ಹರಡುತ್ತದೆ. ಎದೆಯ ದನಿಯಿಂದ ಫಾಲ್ಸೆಟೋ ಎನ್ನುವ ತೆಳುವಾದ ಮೇಲುದನಿಗೆ ದಾಟುವಾಗ ಬಹಳ ಗಾಯಕರಲ್ಲಿ ನಡುವೆ ಒಂದು ಬಿರುಕು ಕೇಳುತ್ತದೆ. ಇವನು ಬೇಕೆಂದಾಗ ಆ ಬಿರುಕನ್ನು ಮುಚ್ಚಿದ, ಬೇಕೆಂದಾಗ ಬೇಕೆಂತಲೇ ತೆರೆದು ತೋರಿಸಿದ. ಆಲ್ಬಂನ ಕೊನೆಯ ಹಾಡು 'ಡ್ರೀಮ್ ಬ್ರದರ್'ನಲ್ಲಿ ತಬಲಾ ಇದೆ. ನುಡಿಸಿದವರು ಮಿಶಾ ಮಸೂದ್. 'ಲವರ್, ಯು ಶುಡ್ ಹ್ಯಾವ್ ಕಮ್ ಓವರ್' ಎಂಬ ಹಾಡಿನ ಆರಂಭದಲ್ಲಿ ಹಾರ್ಮೋನಿಯಂ ಇದೆ, ನುಡಿಸಿದವನು ಜೆಫ್‌ನೇ. ಪೂರ್ವದ ಬಣ್ಣ ಬಳಿಯುವುದಕ್ಕೆಂದು ಸಿತಾರು ತುರುಕುವ ಅರವತ್ತರ ದಶಕದ ರಾಕ್ ಹಾಡುಗಳನ್ನು ತಾವು ಕೇಳಿದ್ದೀರಿ. ಇವು ಆ ಜಾತಿಯವಲ್ಲ. ಇಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿದು ಕೂತಿದೆ, ಅಷ್ಟೇ.

1996ರಲ್ಲಿ ಒಂದು ನಿಯತಕಾಲಿಕಕ್ಕಾಗಿ ಜೆಫ್ ನುಸ್ರತ್ ಅವರನ್ನು ಸಂದರ್ಶಿಸಿದ. ಅವರ ಹಾಡುಗಳ ಸಂಗ್ರಹವೊಂದಕ್ಕೆ ಮುನ್ನುಡಿಯನ್ನೂ ಬರೆದ. ಅವನು ಸತ್ತ ಮೂರು ತಿಂಗಳೊಳಗೆ, 1997ರ ಆಗಸ್ಟ್ 16ರಂದು, ನುಸ್ರತ್ ಕೂಡ ಲಂಡನ್ನಿನಲ್ಲಿ ತೀರಿಕೊಂಡರು. ಅವರಿಗೂ 48 ವರ್ಷವಷ್ಟೇ.

ಶಿನೇಯ ಗುಸುಗುಸು ಬೇಗ ಹಬ್ಬಿತು. ರೆಕಾರ್ಡಿಂಗ್ ಕಂಪನಿಗಳ ದೊಡ್ಡವರು ಆ ಕಿರುಬೀದಿಗೆ ಕಾರಿನಲ್ಲಿ ಬಂದಿಳಿಯತೊಡಗಿದರು. 1992ರ ಅಕ್ಟೋಬರಿನಲ್ಲಿ ಅವನು ಕೊಲಂಬಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಒಪ್ಪಂದವಾದ ಒಂದು ವರ್ಷದ ಬಳಿಕ ಹೊರಬಂದದ್ದು ಆಲ್ಬಂ ಅಲ್ಲ, ಶಿನೇಯಲ್ಲೇ ಧ್ವನಿಮುದ್ರಿಸಿದ ನಾಲ್ಕು ಹಾಡುಗಳ ಒಂದು ಸಣ್ಣ ಡಿಸ್ಕ್. ನಾಲ್ಕರಲ್ಲಿ ಎರಡು ಬೇರೆಯವರ ಹಾಡು. ತನ್ನನ್ನು ಲೋಕಕ್ಕೆ ಪರಿಚಯಿಸಿಕೊಳ್ಳುವಾಗ ತಾನು ಯಾರಿಂದ ಕಲಿತೆ ಎಂಬುದನ್ನೂ ಜೊತೆಗಿಟ್ಟುಕೊಂಡು ಬಂದವನು ಇವನು.

ಆಲ್ಬಂನ ಕೆಲಸ 1993ರ ಶರತ್ಕಾಲದಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿಯ ಬೇರ್ಸ್‌ವಿಲ್ ಸ್ಟುಡಿಯೋದಲ್ಲಿ ನಡೆಯಿತು. ನಿರ್ಮಾಪಕ ಆ್ಯಂಡಿ ವಾಲೆಸ್. ನಿರ್ವಾಣಾ ತಂಡದ 'ನೆವರ್‌ಮೈಂಡ್' ಆಲ್ಬಂ ಅನ್ನು ಮಿಕ್ಸ್ ಮಾಡಿ ಹೆಸರಾದವರು. ಬಾಸ್ ಗಿಟಾರಿಗೆ ಮಿಕ್ ಗ್ರೊಂಡಾಲ್, ಡ್ರಮ್ಸ್‌ಗೆ ಮ್ಯಾಟ್ ಜಾನ್ಸನ್. ಕೊನೆಯ ಹಂತದಲ್ಲಿ ಬಂದು ಸೇರಿದ ಗಿಟಾರ್ ವಾದಕ ಮೈಕಲ್ ಟೈ. ತಂಡ ಅದಾಗ ತಾನೇ ಕೂಡಿಕೊಂಡದ್ದು, ಒಟ್ಟಿಗೆ ನುಡಿಸಿದ ಅನುಭವವೇ ಅಲ್ಪ. 1994ರ ಆಗಸ್ಟ್ 23ರಂದು ಹೊರಬಂದ 'ಗ್ರೇಸ್'ನಲ್ಲಿ ಹತ್ತು ಹಾಡುಗಳಿದ್ದವು, ಮೂರು ಬೇರೆಯವರದು. ಒಂದು, ನೀನಾ ಸಿಮೋನ್‌ಳಿಂದ ಅವನು ಕಲಿತ 'ಲೈಲಾಕ್ ವೈನ್'. ಇನ್ನೊಂದು, ಐನೂರು ವರ್ಷ ಹಳೆಯ ಇಂಗ್ಲಿಷ್ ಭಕ್ತಿಪದ್ಯಕ್ಕೆ ಬೆಂಜಮಿನ್ ಬ್ರಿಟನ್ ಮಾಡಿದ ಸಂಯೋಜನೆ. ಅದನ್ನು ಜೆಫ್ ಪೂರ್ತಿಯಾಗಿ ಮೇಲುದನಿಯಲ್ಲೇ ಹಾಡಿದ್ದಾನೆ. ಮತ್ತೊಂದು 'ಹಲ್ಲೆಲೂಯಾ'.

'ಹಲ್ಲೆಲೂಯಾ'ದ ಕಥೆ ತಮಗೆಲ್ಲ ಗೊತ್ತಿರಬಹುದಾದರೂ ಅದರಲ್ಲಿನ ಒಂದು ವ್ಯಂಗ್ಯವನ್ನು ಹೇಳಲೇಬೇಕು. ಅದನ್ನು ಬರೆದವರು ಲಿಯೊನಾರ್ಡ್ ಕೋಹೆನ್. 1984ರ ಅವರ ಆಲ್ಬಂನಲ್ಲಿದೆ. ಆ ಆಲ್ಬಂ ಅನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ನಿರಾಕರಿಸಿದ್ದು ಇದೇ ಕೊಲಂಬಿಯಾ. ಕೋಹೆನ್ ಈ ಹಾಡಿಗೆ ರಾಶಿ ರಾಶಿ ಚರಣಗಳನ್ನು ಬರೆದಿದ್ದರು. ಜಾನ್ ಕೇಲ್ ಎಂಬ ಸಂಗೀತಗಾರ ಸಾಹಿತ್ಯ ಕಳಿಸಿರೆಂದು ಕೇಳಿದಾಗ ಫ್ಯಾಕ್ಸ್ ಯಂತ್ರದಿಂದ ಪುಟದ ಮೇಲೆ ಪುಟ ಬಂದು ಬಿದ್ದವಂತೆ. ಅದರಿಂದ ಆಯ್ದುಕೊಂಡು ಕೇಲ್ 1991ರಲ್ಲಿ ಪಿಯಾನೋ ನುಡಿಸುತ್ತ ಹಾಡಿದರು. ಜೆಫ್ ಕಲಿತದ್ದು ಕೇಲ್ ಹಾಡಿದ ರೂಪದಿಂದ, ಕೋಹೆನ್ ಹಾಡಿದ ರೂಪದಿಂದಲ್ಲ. ಹೀಗೆ ಕೈಯಿಂದ ಕೈಗೆ ಬಂದ ಹಾಡನ್ನು ಅವನು ಒಂದೇ ಗಿಟಾರಿನೊಡನೆ ಹಾಡಿದ; ಆರಂಭಕ್ಕೆ ಮೊದಲು ಉಸಿರು ಬಿಡುವ ಸದ್ದು ಕೇಳಿಸುತ್ತದೆ. ಕೇಳುಗರು ಅದನ್ನು ಒಂದೇ ಉಸುರಿಗೆ ಬಂದ ಹಾಡು ಎಂದು ನಂಬುತ್ತಾರೆ. ವಾಸ್ತವದಲ್ಲಿ ಅವನು ಅದನ್ನು ಮತ್ತೆ ಮತ್ತೆ ಹಾಡಿದ್ದ, ಒಂದೊಂದು ಸಲ ಒಂದೊಂದು ಬಗೆಯಲ್ಲಿ. ನಾವು ಕೇಳುವುದು ಅಂಥ ಹಲವು ಟೇಕ್‌ಗಳಿಂದ ಆಯ್ದು ಜೋಡಿಸಿದ್ದನ್ನು. ಇದನ್ನು ಹೇಳಿದರೆ ಕೆಲವರಿಗೆ ನಿರಾಸೆಯಾಗುತ್ತದೆ. ನನಗಂತೂ ಗೌರವ ಹೆಚ್ಚಾಗುತ್ತದೆ.

ಆ ಕಾಲವನ್ನೂ ನೆನಪಿಗೆ ತಂದುಕೊಳ್ಳಿ. 1994ರ ಏಪ್ರಿಲ್‌ನಲ್ಲಿ ನಿರ್ವಾಣಾದ ಕರ್ಟ್ ಕೋಬೇನ್ 27ನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ಅಮೆರಿಕದ ರೇಡಿಯೋ ತುಂಬ ಒರಟು ಗಿಟಾರು, ಉಜ್ಜಿದ ದನಿ. ಅಲ್ಲಿಗೆ ಒಬ್ಬ ಯುವಕ ಚರ್ಚಿನ ಹಾಡನ್ನು ಹುಡುಗಿಯ ದನಿಯಲ್ಲಿ ಹಾಡಿಕೊಂಡು ಬಂದರೆ ಯಾರು ಕೇಳುತ್ತಾರೆ? ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 'ಗ್ರೇಸ್' ತಲುಪಿದ ಎತ್ತರ 149ನೆಯ ಸ್ಥಾನ. ಫ್ರಾನ್ಸ್ ಮತ್ತು ಆಸ್ಟ್ರೇಲಿಯಾ ಅವನನ್ನು ಮೊದಲು ಗುರುತಿಸಿದವು. ಲಂಡನ್ನಿನಲ್ಲಿ ಅವನ ಕಾರ್ಯಕ್ರಮ ಕೇಳಿ ಹೋದ ರೇಡಿಯೊಹೆಡ್ ತಂಡದ ಟಾಮ್ ಯಾರ್ಕ್, ಆ ಪ್ರಭಾವದಲ್ಲೇ ತನ್ನ ಒಂದು ಹಾಡನ್ನು ಮೇಲುದನಿಯಲ್ಲಿ ಹಾಡುವ ಧೈರ್ಯ ಮಾಡಿದ. ಆಮೇಲಿನ ಹತ್ತು ವರ್ಷ ಬ್ರಿಟನ್ನಿನ ಗಂಡು ಗಾಯಕರೆಲ್ಲ ಮೇಲುದನಿಗೆ ಏರಿ ಅಳತೊಡಗಿದ್ದಕ್ಕೆ ಮಾತ್ರ ಜೆಫ್‌ನನ್ನು ಹೊಣೆ ಮಾಡಬಾರದು.

ಸುಮಾರು ಎರಡು ವರ್ಷ ಊರೂರು ಸುತ್ತಿದ ಮೇಲೆ ಅವನಿಗೆ ಕಾಫಿ ಅಂಗಡಿಯೇ ಬೇಕೆನ್ನಿಸಿತು. 1996ರ ಡಿಸೆಂಬರಿನಲ್ಲಿ ಅವನು ಕಳ್ಳಹೆಸರುಗಳನ್ನು ಇಟ್ಟುಕೊಂಡು ಅಮೆರಿಕದ ಈಶಾನ್ಯ ಭಾಗದ ಸಣ್ಣಪುಟ್ಟ ಅಂಗಡಿಗಳಲ್ಲಿ ಒಬ್ಬನೇ ಹಾಡಿ ಬಂದ. ರಾತ್ರಿಗೊಂದು ಹೆಸರು, ಒಂದಕ್ಕಿಂತ ಒಂದು ಹುಚ್ಚು. ತಾನು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಹೀಗೆ ಸುಮ್ಮನೆ ಹೋಗಿ ಹಾಡಿ, ತಪ್ಪಿ, ಕಲಿಯುತ್ತಿದ್ದೆ, ಅದು ಕಳೆದುಹೋಗಿದೆ ಎಂಬ ಅರ್ಥದ ಮಾತುಗಳನ್ನು ಅಭಿಮಾನಿಗಳಿಗೆ ಬರೆದ. ಕಂಪನಿಯವರು ಎರಡನೆಯ ಆಲ್ಬಂಗೆ ಕಾದಿದ್ದ ಹೊತ್ತಿನಲ್ಲಿ ಹಾಡುಗಾರ ಹೆಸರು ಮರೆಸಿಕೊಂಡು ಓಡಾಡುತ್ತಿದ್ದ.

ಎರಡನೆಯ ಆಲ್ಬಂನ ಮೊದಲ ಪ್ರಯತ್ನ ಟೆಲಿವಿಷನ್ ತಂಡದ ಟಾಮ್ ವರ್ಲೇನ್ ಅವರ ನಿರ್ಮಾಣದಲ್ಲಿ ನಡೆಯಿತು, ಮೊದಲು ನ್ಯೂಯಾರ್ಕಿನಲ್ಲಿ, ಆಮೇಲೆ 1997ರ ಆರಂಭದಲ್ಲಿ ಮೆಂಫಿಸ್‌ನಲ್ಲಿ. ಜೆಫ್‌ಗೆ ಅದು ಹಿಡಿಸಲಿಲ್ಲ. ಬ್ಯಾಂಡನ್ನು ನ್ಯೂಯಾರ್ಕಿಗೆ ಕಳಿಸಿ, ಮೆಂಫಿಸ್‌ನಲ್ಲೇ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದು, ನಾಲ್ಕು ಟ್ರ್ಯಾಕ್‌ನ ಕ್ಯಾಸೆಟ್ ಯಂತ್ರದ ಮೇಲೆ ಒಬ್ಬನೇ ಹಾಡು ಕಟ್ಟುತ್ತ ಕುಳಿತ. ಅಲ್ಲಿನ ಬ್ಯಾರಿಸ್ಟರ್ಸ್ ಎಂಬ ಸಣ್ಣ ಬಾರ್‌ನಲ್ಲಿ ಸೋಮವಾರದ ರಾತ್ರಿಗಳಲ್ಲಿ ಹಾಡಿದ. ಸೋಮವಾರ ಎಂಬುದನ್ನು ಗಮನಿಸಿ. ಹೊಸ ಹಾಡುಗಳು ಒಂದು ರೂಪಕ್ಕೆ ಬಂದವೆನ್ನಿಸಿದಾಗ ಬ್ಯಾಂಡಿಗೆ ಹೇಳಿ ಕಳಿಸಿದ. ಅವರು ಬರುವ ದಿನವೇ ನಾನು ಮೊದಲು ಹೇಳಿದ ಘಟನೆ ನಡೆದದ್ದು.

ಈಗ ಉಳಿದದ್ದು, ಸತ್ತ ಕಲಾವಿದನ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಏನು ಮಾಡಬೇಕು ಎಂಬ ಪ್ರಶ್ನೆ. ತಾಯಿ ಮೇರಿ ಗೀಬರ್ಟ್ ಮಗನ ಧ್ವನಿಮುದ್ರಣಗಳ ಉಸ್ತುವಾರಿ ವಹಿಸಿಕೊಂಡರು. 1998ರ ಮೇ ತಿಂಗಳಲ್ಲಿ 'ಸ್ಕೆಚಸ್ ಫಾರ್ ಮೈ ಸ್ವೀಟ್‌ಹಾರ್ಟ್ ದ ಡ್ರಂಕ್' ಎಂಬ ಹೆಸರಿನಲ್ಲಿ ಎರಡು ಡಿಸ್ಕ್‌ಗಳು ಬಂದವು. ಮೊದಲನೆಯದರಲ್ಲಿ ಅವನು ಬೇಡವೆಂದ ವರ್ಲೇನ್ ಧ್ವನಿಮುದ್ರಣಗಳು, ಎರಡನೆಯದರಲ್ಲಿ ಬಹುತೇಕ ಮೆಂಫಿಸ್ ಮನೆಯ ಕ್ಯಾಸೆಟ್‌ಗಳು. ಕರಡು ಎಂದು ಹೆಸರಿನಲ್ಲೇ ಒಪ್ಪಿಕೊಂಡದ್ದರಿಂದ ಇದಕ್ಕೆ ನನ್ನ ತಕರಾರಿಲ್ಲ. ಆದರೆ ಇನ್ನೊಂದು ಉದಾಹರಣೆ ನೋಡಿ. 'ಗ್ರೇಸ್'ಗಾಗಿ ಅವನು 'ಫರ್‌ಗೆಟ್ ಹರ್' ಎಂಬ ಹಾಡನ್ನು ಧ್ವನಿಮುದ್ರಿಸಿದ್ದ. ಕಂಪನಿಯವರಿಗೆ ಅದು ಬಹಳ ಇಷ್ಟ. ರೇಡಿಯೋದಲ್ಲಿ ಓಡುವ ಹಾಡು ಎಂದು ಲೆಕ್ಕ ಹಾಕಿದ್ದರು. ಜೆಫ್ ಅದನ್ನು ಕೊನೆಯ ಗಳಿಗೆಯಲ್ಲಿ ತೆಗೆದುಹಾಕಿ, ಮೈಕಲ್ ಟೈ ಜೊತೆ ಮಾಡಿದ 'ಸೋ ರಿಯಲ್' ಎಂಬ ಒರಟು ಹಾಡನ್ನು ಅಲ್ಲಿಟ್ಟ. ಅವನು ಸತ್ತ ಏಳು ವರ್ಷಕ್ಕೆ, 2004ರಲ್ಲಿ, 'ಫರ್‌ಗೆಟ್ ಹರ್' ಹೊರಬಂತು. ಕೇಳಲು ಸೊಗಸಾಗಿಯೇ ಇದೆ. ಆದರೆ ಬೇಡವೆಂದು ಖಚಿತವಾಗಿ ಹೇಳಿದವನ ಮಾತನ್ನು ಅವನಿಲ್ಲದಾಗ ಮೀರುವುದು ನನಗೆ ಸರಿಕಾಣದು. ಅರ್ಧಕ್ಕೆ ನಿಂತದ್ದನ್ನು ಹೊರತರುವುದು ಬೇರೆ, ಕಲಾವಿದ ತಳ್ಳಿಹಾಕಿದ್ದನ್ನು ಹೊರತರುವುದು ಬೇರೆ. ಇಷ್ಟು ಹೇಳಿ, ಆ ಹಾಡನ್ನು ನಾನೂ ಹಲವು ಸಲ ಕೇಳಿದ್ದೇನೆ ಎಂಬುದನ್ನು ಬಚ್ಚಿಡುವುದಿಲ್ಲ.

ಕೀರ್ತಿ ನಿಧಾನವಾಗಿ ಬಂತು. 2008ರ ಮಾರ್ಚಿನಲ್ಲಿ ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಯಾರೋ 'ಹಲ್ಲೆಲೂಯಾ' ಹಾಡಿದ ಮೇಲೆ ಜೆಫ್‌ನ ಧ್ವನಿಮುದ್ರಣ ಅಲ್ಲಿನ ಡಿಜಿಟಲ್ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಯಿತು. ಅದೇ ಡಿಸೆಂಬರಿನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಅಲೆಕ್ಸಾಂಡ್ರಾ ಬರ್ಕ್ ಹಾಡಿದ್ದು ಮೊದಲ ಸ್ಥಾನಕ್ಕೂ, ಜೆಫ್ ಹಾಡಿದ್ದು ಎರಡನೆಯ ಸ್ಥಾನಕ್ಕೂ ಬಂದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ ಜೆಫ್ ಹಾಡಿದ್ದನ್ನು ಸೇರಿಸಿಕೊಂಡಿದೆ. ಇದೆಲ್ಲ ಸಂತೋಷವೇ. ಆದರೆ ಒಂದು ಹಾಡು ಉಳಿದ ಒಂಬತ್ತನ್ನು ಮರೆಮಾಡಿತು ಎಂಬುದೂ ನಿಜ. ಅದರಲ್ಲೂ 'ಡ್ರೀಮ್ ಬ್ರದರ್' ಅನ್ನು. ತನ್ನ ಬಸುರಿ ಸಂಗಾತಿಯನ್ನು ಬಿಟ್ಟು ಹೋಗುವ ಯೋಚನೆಯಲ್ಲಿದ್ದ ಗೆಳೆಯನಿಗೆ, ನನ್ನ ತಂದೆ ಮಾಡಿದ್ದನ್ನು ನೀನು ಮಾಡಬೇಡ ಎಂದು ಹೇಳಲು ಬರೆದ ಹಾಡು ಅದು. ತಂದೆ 1967ರಲ್ಲಿ ಹಾಡಿದ ಸಮರ್ಥನೆಗೆ ಮಗ ಕೊಟ್ಟ ಉತ್ತರವೆಂದೇ ನಾನು ಅದನ್ನು ಓದುತ್ತೇನೆ. ತಂದೆ ಮಗನ ಸಾವುಗಳನ್ನು ಜೋಡಿಸಿ ನೋಡುವವರು ಈ ಎರಡು ಹಾಡುಗಳನ್ನು ಜೋಡಿಸಿ ಕೇಳಿದರೆ ಅವರಿಬ್ಬರ ನಡುವಿನ ವ್ಯತ್ಯಾಸ ತಿಳಿದೀತು.

ಇವನನ್ನು ಇನ್ನೂ ಕೇಳದವರು ಎಲ್ಲಿಂದ ಆರಂಭಿಸಬೇಕೆಂದು ಕೆಲವರು ಚೀಟಿ ಕಳಿಸಿದ್ದೀರಿ. 'ಹಲ್ಲೆಲೂಯಾ'ದಿಂದ ಬೇಡ, ಅದು ಹೇಗೂ ತಮ್ಮನ್ನು ಹುಡುಕಿಕೊಂಡು ಬರುತ್ತದೆ. 2003ರ ಶಿನೇ ಸಂಪುಟದಿಂದ ಶುರುಮಾಡಿ. ಎರಡು ಡಿಸ್ಕ್‌ಗಳಿವೆ, ಹಾಡುಗಳ ನಡುವೆ ಅವನ ಹರಟೆ, ಅಣಕ, ಅಂಗಡಿಯ ಗದ್ದಲ ಎಲ್ಲವೂ ಇದೆ. ಯಾರ ಹಾಡು ಹಾಡುತ್ತಿದ್ದಾನೆಂದು ನೋಡಿಕೊಂಡು ಆ ಮೂಲವನ್ನೂ ಒಮ್ಮೆ ಕೇಳಿ, ಮತ್ತೆ ಅವನದಕ್ಕೆ ಬನ್ನಿ. ಆಮೇಲೆ 'ಗ್ರೇಸ್' ಅನ್ನು ಮೊದಲಿನಿಂದ ಕೊನೆಯವರೆಗೆ, ಹಾಡುಗಳ ಕ್ರಮ ಬದಲಿಸದೆ ಕೇಳಿ. ಒಟ್ಟು ಸುಮಾರು 52 ನಿಮಿಷ ಹಿಡಿಯುತ್ತದೆ.